ಬ್ಯಾಟರಿಗೆ ಎರೆದ ನೀರು

ಕೃಷ್ಣೆಯ ಈಚೆ ದಂಡೆಯ ಒಂದು ಊರಿನಲ್ಲಿ, ಬಹಳ ಹಿಂದೇನೂ ಅಲ್ಲ, ಒಬ್ಬ ಮುದುಕಿ ಇದ್ದಳು. ಅವಳ ಜೀವ ಅವಳ ಎದೆಯೊಳಗಿರಲಿಲ್ಲ. ಏಳು ಸಮುದ್ರದಾಚೆಯ ಗಿಳಿಯೊಳಗೂ ಇರಲಿಲ್ಲ. ಪಡಸಾಲೆಯ ಮೂಲೆಯಲ್ಲಿ, ಜೋಳದ ಚೀಲಗಳ ಪಕ್ಕ, ಒಂದು ಕರೇ ಪೆಟ್ಟಿಗೆಯೊಳಗಿತ್ತು. ಆ ಪೆಟ್ಟಿಗೆಗೆ ಆರು ಬಾಯಿ. ಆರೂ ಬಾಯಿಗೆ ನೀರಡಿಕೆ. ಮುದುಕಿಗೊಬ್ಬ ಸೊಸೆ ಇದ್ದಳು, ಬಾಯಿಗಳಿಗೆ ನೀರೆರೆಯುವುದು ಅವಳ ಕೆಲಸ. ತನ್ನ ಕೈಲಿದ್ದ ನೀರಿನಲ್ಲೆಲ್ಲ ಉತ್ತಮವಾದದ್ದನ್ನೇ ಎರೆದಳು. ಪೆಟ್ಟಿಗೆ ಸತ್ತುಹೋಯಿತು. ಕಣ್ಣು ಮುಚ್ಚುವ ಮೊದಲು ಮುದುಕಿ ಮೊಮ್ಮಗಳನ್ನು ಕರೆದು ಒಂದು ಕೆಲಸ ಒಪ್ಪಿಸಿದಳು: ನನ್ನ ಸೊಸೆಗೆ ನೀರು ಕುಡಿಸು.

ಕಥೆಯೊಳಗಿನ ರಾಜಕುಮಾರರಿಗೆ ಹುಲಿಯ ಹಾಲು ತಾ ಅನ್ನುತ್ತಾರೆ. ನನಗೆ ಹೇಳಿದ್ದು ಒಂದು ಗುಟುಕು ನೀರು, ಅಷ್ಟೇ. ಹುಲಿಯ ಹಾಲೇ ಹಗುರಿತ್ತು ಅಂತ ಆಮೇಲೆ ಗೊತ್ತಾಯಿತು.

ಮೊಮ್ಮಗಳು ನಾನು, ಸ್ನೇಹಲ. ಮುದುಕಿ ನನ್ನ ಅಪ್ಪನ ತಾಯಿ ಸೋನಾಬಾಯಿ, ನಮಗೆಲ್ಲ ಆಯಿ. ಸೊಸೆ ನನ್ನ ಅವ್ವ ತ್ರಿಶಲಾ. ಊರು ಕಾಗವಾಡದ ಹತ್ತಿರ, ಕಬ್ಬಿನ ನಡುವೆ.

ಆಯಿ ಜೀವಮಾನವೆಲ್ಲ ಒಲೆ ಊದಿದವಳು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಮಳೆಗಾಲದಲ್ಲಿ ಕಬ್ಬಿನ ಹಸಿ ಸೋಗೆ, ರವದಿ. ಗ್ಯಾಸು ಬಂದಾಗ ಅವಳ ಪುಪ್ಪುಸ ಆಗಲೇ ಅಡಿಗೆಮನೆಯ ಗೋಡೆಯಂತಾಗಿತ್ತು. ಮಿರಜಿನ ಡಾಕ್ಟರರು ಗಾಳಿ ಮಶೀನು ಹಚ್ಚಲು ಹೇಳಿದರು. ಬಾಡಿಗೆಗೆ ತಂದೆವು. ಮೊಣಕಾಲೆತ್ತರದ ಯಂತ್ರ, ಹೊರಗಿನ ಗಾಳಿ ಎಳೆದುಕೊಂಡು ಅದರಲ್ಲಿನ ಆಕ್ಸಿಜನ್ ತೆಗೆದು ಸಣ್ಣ ನಳಿಗೆಯಲ್ಲಿ ಆಯಿಯ ಮೂಗಿಗೆ ಬಿಡುತ್ತಿತ್ತು. ಗುಂಯ್ ಅಂತ ಒಂದು ಉಸಿರು, ಠಪ್ ಅಂತ ಒಂದು ಬಡಿತ. ಹಗಲೂ ರಾತ್ರಿ.

"ಎಮ್ಮಿ ಕೊಟಗ್ಯಾಗ ಮಲಗಿದಂಗ ಆಗೈತಿ ನನಗ" ಅಂದಿದ್ದಳು ಆಯಿ, ಮೊದಲ ದಿನ. "ಹಾಲ ಕೊಡೂದಿಲ್ಲ, ಬರೇ ಮೆಲಕ ಹಾಕತೈತಿ."

ಮಶೀನು ಬಂದ ಮೇಲೆ ಆಯಿ ನನಗೆ ಹೇಳುತ್ತಿದ್ದ ಕಥೆಗಳು ನಿಂತವು. ಒಂದು ಕಥೆಗೆ ಬೇಕಾಗುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ. ರಾಜ, ರಾಣಿ ಅನ್ನುವ ಹೊತ್ತಿಗೆ ದಮ್ಮು ಹತ್ತುತ್ತಿತ್ತು. ನಾನು ಹತ್ತಿರ ಕೂತು ಮಶೀನಿನ ಸದ್ದು ಕೇಳುತ್ತ, ಅದರೊಳಗೆ ಯಾರೋ ಕೂತು ಯಾರಿಗೋ ಹೂಂಗುಟ್ಟುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ.

ಆದರೆ ಕರೆಂಟು ನಮ್ಮ ಕಡೆ ಬಂದಾಗ ಬಂತು, ಹೋದಾಗ ಹೋಯಿತು. ಎರಡು ಸಾವಿರದ ಹನ್ನೆರಡರ ಮಳೆಗಾಲ ಮುಗಿದ ಮೇಲೆ ಅಪ್ಪ ಇನ್ವರ್ಟರ್ ಹಾಕಿಸಿದ. ಅಪ್ಪ ಧನಪಾಲ, ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ನೌಕರಿ. ಬ್ಯಾಟರಿ ಅಂಗಡಿಯ ಹಾಜಿಮಲಂಗ ಬಂದು ಗೋಡೆಗೆ ಇನ್ವರ್ಟರ್ ಕೂಡಿಸಿ, ಕೆಳಗೆ ಆ ಕರೇ ಬ್ಯಾಟರಿ ಇಟ್ಟು, ಎರಡು ದಪ್ಪ ವಾಯರು ಜೋಡಿಸಿದ. ಕರೆಂಟು ಇದ್ದಾಗ ಬ್ಯಾಟರಿ ತುಂಬಿಕೊಳ್ಳುತ್ತದೆ, ಹೋದಾಗ ಇನ್ವರ್ಟರ್ ಅದನ್ನೇ ಮನೆಯ ಕರೆಂಟು ಮಾಡಿ ಕೊಡುತ್ತದೆ ಅಂತ ತಿಳಿಸಿ ಹೇಳಿದ.

"ಖರೇ ಕೇಳ್ರಿ, ಇದು ಆಯಿ ಮಶೀನಿಗಿ ಮಾತ್ರ" ಅಂದ. "ಮಿಕ್ಸರ್ ಹಚ್ಚಿದ್ರಿ, ಇಸ್ತ್ರಿ ಹಚ್ಚಿದ್ರಿ ಅಂದ್ರ ಕುಂಯ್ ಅಂತ ಅಳತೈತಿ, ಬಂದ್ ಬೀಳತೈತಿ."

"ಟೀವಿ?" ಅಂದ ನೇಮಿನಾಥ ಕಾಕಾ, ಅಪ್ಪನ ತಮ್ಮ. "ಮ್ಯಾಚ್ ಇದ್ದಾಗ ಅಷ್ಟರಿ."

"ಲೇ ನೇಮೂ," ಮಂಚದಿಂದ ಆಯಿಯ ದನಿ. "ನನ್ನ ಉಸರ ಬಂದ್ ಮಾಡಿ... ನೀ ರನ್ ಎಣಸ್ತಿ ಏನ?"

ಎಲ್ಲರೂ ನಕ್ಕರು. ಕರೆಂಟು ಹೋದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಫ್ಯಾನಿಲ್ಲ, ದೀಪವಿಲ್ಲ. ಒಬ್ಬಳ ಉಸಿರು ಮಾತ್ರ.

ಹಾಜಿಮಲಂಗ ಹೋಗುವಾಗ ಒಂದು ಪ್ಲಾಸ್ಟಿಕ್ ಕ್ಯಾನು ಕೊಟ್ಟ. "ಇದು ಬ್ಯಾಟರಿ ನೀರ್ರಿ ಅಕ್ಕಾರ. ಈ ಮುಚ್ಚಳದಾಗಿನ ಬೆಂಡು ಕೆಳಗ ಇಳದ್ರ ಇದನ್ನ ಹಾಕ್ರಿ. ತೀರಿದ ಮ್ಯಾಲ ಅಂಗಡಿಗಿ ಯಾರನ್ನಾರ ಕಳಸ್ರಿ."

ಅವ್ವ ಕ್ಯಾನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

ಇಲ್ಲಿ ಅವ್ವನ ನೀರಿನ ಬಗ್ಗೆ ಹೇಳಬೇಕು. ನಾವು ಜೈನರು. ಸೋಸದ ನೀರು ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಯಾವ ನೀರನ್ನೂ ಕುಡಿಯುವುದಿಲ್ಲ. ಇದನ್ನು ನಮ್ಮಲ್ಲಿ ಎಲ್ಲರೂ ಅಷ್ಟೋ ಇಷ್ಟೋ ನಡೆಸುತ್ತಾರೆ. ಅವ್ವ ಪೂರ್ತಿ ನಡೆಸುವವಳು. ಹಿತ್ತಲ ಬಾವಿಯ ನೀರನ್ನು ಎರಡು ಪದರು ಬಟ್ಟೆಯಲ್ಲಿ ಸೋಸುವಳು, ಕಾಸುವಳು. ಕಾಸಿದ ನೀರಿನ ಆಯುಷ್ಯ ಒಂದು ದಿನ. ಮರುದಿನ ಅದು ಹಳಸಿದ ಅನ್ನದ ಹಾಗೆ, ಬಾಯಿಗೆ ಬರಕೂಡದು. ಬಸದಿಗೆ ಮಹಾರಾಜರು, ಅಂದರೆ ನಮ್ಮ ಮುನಿಗಳು, ಬಂದಾಗ ಅವರ ಆಹಾರಕ್ಕೆ ನೀರು ಅವ್ವನೇ ಕಾಸಿಕೊಡಬೇಕು ಅಂತ ಊರವರೇ ಬಂದು ಕರೆಯುತ್ತಿದ್ದರು.

ಅಂಥ ಅವ್ವನ ಕೈಯಲ್ಲಿ ಆ ಕ್ಯಾನು.

"ಯಾವ ಕಾಲದ ನೀರೋ ಏನೋ" ಅಂದಳು ನನಗೆ. "ಯಾರ ತುಂಬ್ಯಾರೋ, ಸೋಸ್ಯಾರೋ ಇಲ್ಲೋ. ಇದರಾಗ ಎಷ್ಟ ಜೀವ ಹುಟ್ಯಾವೋ, ಎಷ್ಟ ಸತ್ತಾವೋ. ಅತ್ತಿ ಉಸರ ಇಂಥಾ ನೀರಿನ ಮ್ಯಾಲ ನಡಿಬೇಕೇನ?"

ಕ್ಯಾನು ದನದ ಕೊಟ್ಟಿಗೆಗೆ ಹೋಯಿತು. ಪ್ರತಿ ಚತುರ್ದಶಿಗೆ, ಬಸದಿಯಿಂದ ಬಂದು, ಮಡಿಯಲ್ಲೇ, ಅವ್ವ ಸೋಸಿ ಕಾಸಿ ಆರಿಸಿದ ನೀರಿನ ಚರಿಗೆ ಹಿಡಿದು ಆ ಪೆಟ್ಟಿಗೆಯ ಮುಂದೆ ಕೂಡುತ್ತಿದ್ದಳು. ಒಂದೊಂದೇ ಮುಚ್ಚಳ ತಿರುವಿ, ಒಂದು ಹನಿ ಹೊರಗೆ ಚೆಲ್ಲದಂತೆ, ಹಸುಗೂಸಿಗೆ ಹಾಲು ಕುಡಿಸುವವರ ಹಾಗೆ. ನಾವೆಲ್ಲ ನೋಡುತ್ತಿದ್ದೆವು. ನೋಡಲು ಚಂದವಿತ್ತು. ಡಿಗ್ರಿ ಕೊನೆಯ ವರ್ಷದಲ್ಲಿದ್ದ ನನಗಾಗಲಿ, ಲಾರಿಗಟ್ಟಲೆ ಕಬ್ಬಿನ ತೂಕದಲ್ಲಿ ಕಿಲೋ ಹೆಚ್ಚುಕಡಿಮೆ ಹಿಡಿಯುವ ಅಪ್ಪನಿಗಾಗಲಿ, ಅದು ತಪ್ಪು ಅಂತ ಅನ್ನಿಸಲೇ ಇಲ್ಲ.

ಬೇಸಿಗೆ ಹತ್ತಿತು. ಮೊದಲು ಕರೆಂಟು ಹೋದರೆ ಬ್ಯಾಟರಿ ಅರ್ಧ ದಿನದ ಹತ್ತಿರ ಮಶೀನು ನಡೆಸುತ್ತಿತ್ತು. ಆಮೇಲೆ ಒಂದು ಅಡಿಗೆ ಮುಗಿಯುವವರೆಗೆ. ಆಮೇಲೆ ಅನ್ನ ಬಸಿಯುವಷ್ಟರಲ್ಲೇ ಇನ್ವರ್ಟರ್ ಅಳುತ್ತಿತ್ತು. ಅವ್ವ ನೀರು ಹೆಚ್ಚಿಸಿದಳು. ಚತುರ್ದಶಿಗೊಮ್ಮೆ ಇದ್ದದ್ದು ಅಷ್ಟಮಿಗೂ ಆಯಿತು.

ಹಾಜಿಮಲಂಗನನ್ನು ಕರೆಸಿದೆವು. ಮುಚ್ಚಳ ತೆಗೆದು, ಗಾಜಿನ ಪಿಚಕಾರಿ ಇಳಿಬಿಟ್ಟು ಎಳೆದು, ಬಹಳ ಹೊತ್ತು ನೋಡಿದ. ಎರಡನೆಯ ಬಾಯಿ, ಮೂರನೆಯದು.

"ಯಾವ ನೀರ ಹಾಕಾಕತ್ತೀರಿ ಅಕ್ಕಾರ?"

"ನಮ್ಮ ಮನೀದು" ಅಂದಳು ಅವ್ವ. ಆ ದನಿಯಲ್ಲಿದ್ದ ಹೆಮ್ಮೆ ನನಗೆ ಇನ್ನೂ ಕೇಳುತ್ತದೆ. "ಸೋಸಿ ಕಾಸಿದ್ದರಿ. ಅವತ್ತಿಂದ ಅವತ್ತಿಗೇ."

"ಬಾವೀದ?"

"ಹೌದ್ರಿ."

ಹಾಜಿಮಲಂಗ ಹೆಗಲ ಮೇಲಿನ ಅರಿವೆಯಿಂದ ಕೈ ಒರೆಸಿಕೊಂಡ. ನಮ್ಮ ಭಾಗದ ಬಾವಿಗಳ ಗತಿ ಅವನಿಗೆ ಹೊಸದಲ್ಲ. ಕಬ್ಬಿಗೆ ನೀರು ಬಿಟ್ಟು ಬಿಟ್ಟು ಭೂಮಿಯೆಲ್ಲ ಸವಳು, ಬಾವಿಯ ನೀರೆಲ್ಲ ಉಪ್ಪು. ಚಹಾದ ಪಾತ್ರೆಯ ತಳಕ್ಕೆ ಬಿಳಿ ಪದರು ಕೂಡುತ್ತದೆ. "ಬಟ್ಟೀಲೆ ಕಸ ಹೋಗತೈತಿ, ಹುಳಾ ಹೋಗತೈತಿ ಅಕ್ಕಾರ. ಉಪ್ಪು ಹೋಗೂದಿಲ್ಲ. ಕಾಸಿದ್ರ ಮತ್ತಿಷ್ಟು ಗಟ್ಟಿ ಆಗತೈತಿ. ಉಪ್ಪ ಕುಡದು ಒಳಗಿನ ಪ್ಲೇಟು..." ಅಂದವನು ಅವ್ವನ ಮುಖ ನೋಡಿ ಮಾತು ತಿರುಗಿಸಿದ. "ಹಂಗಂತ ಅಲ್ಲ, ಬ್ಯಾಟರೀನೂ ಹಳೇದಾಗಿತ್ತು ಬಿಡ್ರಿ."

"ವರ್ಷ ಆಗಿಲ್ಲಲ್ರಿ ಇನ್ನ" ಅಂದಳು ಅವ್ವ.

ಹಾಜಿಮಲಂಗ ಒಂದೊಂದೇ ಮುಚ್ಚಳ ತಿರುವಿ ಹಾಕಿದ. ನಾಳೆ ಮಧ್ಯಾಹ್ನದೊಳಗೆ ಮಿರಜಿನಿಂದ ಹೊಸದು ತರುತ್ತೇನೆ ಅಂತ ಹೇಳಿ ಹೋದ.

ಅವ್ವ ಹಿತ್ತಲಿಗೆ ಬಂದು ನನ್ನ ರಟ್ಟೆ ಹಿಡಿದಳು. "ಆಯಿಗಿ ಹೇಳಬ್ಯಾಡ. ನನ್ನ ನೀರಿನಿಂದ ಆತಂತ ಹೇಳಬ್ಯಾಡ. ಆಕಿ ನನ್ನ ಕೈ ನೀರನ್ನ ಕುಡದು ಬದಕಿದಾಕಿ."

ಆಗಲಿ ಅಂದೆ. ಆದರೆ ಪಡಸಾಲೆಯಿಂದ ಮಂಚಕ್ಕೆ ಎಷ್ಟು ದೂರ? ಆಯಿ ಎಲ್ಲ ಕೇಳಿಸಿಕೊಂಡಿದ್ದಳು. ಸಂಜೆ ಅವ್ವ ಬಸದಿಗೆ ಹೋದಾಗ ನನ್ನನ್ನು ಕರೆದಳು.

"ತ್ರಿಶಲಾ... ಇವತ್ತ ನೀರ ಕುಡದಾಳೇನ?"

ನಾನು ಯೋಚಿಸಿದೆ. ಹಾಜಿಮಲಂಗ ಹೋದ ಮೇಲೆ ಅವ್ವ ಏನೂ ಕುಡಿದಿರಲಿಲ್ಲ. ಹೊತ್ತು ಮುಳುಗಿತ್ತು. ಇಲ್ಲ ಅಂದೆ.

"ನನಗ ಗೊತ್ತಿತ್ತು" ಅಂದಳು ಆಯಿ. ಒಂದೊಂದು ಮಾತಿನ ನಡುವೆ ಮಶೀನು ಒಮ್ಮೆ ಬಡಿಯುತ್ತಿತ್ತು. "ಭಾಳ ಸೋಸಾಕಿ ಆಕಿ. ಈಗ ತನ್ನನ್ನ ಸೋಸ್ಕೋತಾಳ. ಇನ್ನ ನಾ ಹೋದ್ನೆಂದ್ರ... ನೀರ ಬಿಡ್ತಾಳ. ಬಿಡಾಕ ಕೊಡಬ್ಯಾಡ. ನೀ ಕುಡಸು."

"ಆಯಿ, ನೀ ಎಲ್ಲೂ ಹೋಗೂದಿಲ್ಲ. ನಾಳೆ ಹೊಸ ಬ್ಯಾಟರಿ..."

"ಹೂಂ ಅನ್ನ ಬೇ."

ಹೂಂ ಅಂದೆ. ಅವಳ ಕಥೆಗಳಿಗೆ ಎಷ್ಟು ಸಲ ಹೂಂ ಅಂದಿದ್ದೆನೋ, ಹಾಗೇ ಬಂದುಬಿಟ್ಟಿತು ಬಾಯಿಂದ.

ಮರುದಿನ ಬೆಳಗ್ಗೆ ಊರ ಹೊರಗಿನ ಟಿ.ಸಿ., ಊರಿಗೆಲ್ಲ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರು, ಸುಟ್ಟಿತು. ಎಲ್ಲರ ಪಂಪುಸೆಟ್ಟು, ಎಲ್ಲರ ಫ್ಯಾನು ಒಂದೇ ಹೊತ್ತಿಗೆ ಎಳೆದದ್ದಕ್ಕೆ ಢಂ ಅಂತ ಸದ್ದು, ಆಕಾಶಕ್ಕೆ ಒಂದಿಷ್ಟು ಹೊಗೆ, ಹುಣಸೆಮರದ ಕಾಗೆಗಳೆಲ್ಲ ಎದ್ದವು. ಸುಟ್ಟ ಟಿ.ಸಿ. ಬದಲಾಗಲು ದಿನಗಳೇ ಹಿಡಿಯುತ್ತವೆ ಅಂತ ಎಲ್ಲರಿಗೂ ಗೊತ್ತು. ಬ್ಯಾಟರಿ ಕೈಕೊಟ್ಟ ದಿನಗಳಲ್ಲಿ ಬಳಸಿ ಖಾಲಿಯಾಗಿದ್ದ ಆಕ್ಸಿಜನ್ ಸಿಲಿಂಡರನ್ನು ಕಾಕಾ ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ತುಂಬಿಸಲು ಮಿರಜಿಗೆ ಓಡಿದ. ಅಪ್ಪ ಗಾಡಿ ಹುಡುಕಲು ಹೋದ. ಊರಿಗಿದ್ದ ಬಾಡಿಗೆ ಗಾಡಿ, ಪಾರಿಸನ ಟ್ರ್ಯಾಕ್ಸು, ಮದುವೆ ಮಂದಿಯನ್ನು ತುಂಬಿಕೊಂಡು ನಿಪ್ಪಾಣಿಗೆ ಹೋಗಿತ್ತು, ಬೇರೆ ಗಾಡಿ ಪಕ್ಕದ ಊರಿಂದ ಬರಬೇಕಿತ್ತು.

ಮನೆಯಲ್ಲಿ ಆಯಿ, ಅವ್ವ, ನಾನು. ಗೋಡೆಯ ಮೇಲೆ ಇನ್ವರ್ಟರಿನ ಹಸಿರು ದೀಪ. ಮಶೀನು ನಡೆಯುತ್ತಿತ್ತು: ಗುಂಯ್, ಠಪ್. ಅವ್ವ ಬ್ಯಾಟರಿಯ ಮುಂದೆ ಕೈ ಮುಗಿದು ಕೂತಿದ್ದಳು. ದೇವರ ಮುಂದೆ ಕೂಡ ಅವ್ವ ಹಾಗೆ ಕೂತದ್ದು ನಾ ನೋಡಿರಲಿಲ್ಲ. ಹಸಿರು ಹೋಗಿ ಕೆಂಪು ಬಂತು. ಇನ್ವರ್ಟರ್ ಕುಂಯ್ ಅಂತು, ಮತ್ತೆ ಕುಂಯ್, ಆಮೇಲೆ ಬಂದಾಯಿತು. ಮಶೀನು ಒಂದು ದೊಡ್ಡ ಉಸಿರು ಬಿಟ್ಟು ನಿಂತಿತು.

ಅಂಥ ನಿಶ್ಶಬ್ದ ನಮ್ಮ ಮನೆಯಲ್ಲಿ ಎಷ್ಟೋ ತಿಂಗಳಿಂದ ಇರಲಿಲ್ಲ. ಹಿತ್ತಲಲ್ಲಿ ಕೋಳಿ ಕೆದರುವುದು ಕೇಳಿಸಿತು. ಯಾರ ಮನೆಯ ಕೋಳಿಯೋ.

ಅವ್ವ ಜೋಳ ಕೇರುವ ಮೊರ ತಂದು ಆಯಿಯ ಮುಖಕ್ಕೆ ಗಾಳಿ ಬೀಸತೊಡಗಿದಳು. ಆಯಿಯ ತುಟಿ ನೀಲಿಯಾಗುತ್ತ ಬಂತು. ಕೈ ಹಾಸಿಗೆಯ ಅಂಚು ಹಿಡಿಯುವುದು, ಬಿಡುವುದು. ನಾನು ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿ ಹಿಡಿದುಕೊಂಡೆ. ಅವಳ ಎದೆ ನನ್ನ ಎದೆಗೆ ಬಡಿಯುತ್ತಿತ್ತು, ಬಾಗಿಲು ಹಾಕಿದ ಮನೆಯೊಳಗೆ ಸಿಕ್ಕ ಗುಬ್ಬಿಯ ಹಾಗೆ. ಒಮ್ಮೆ ಅವ್ವನ ಕಡೆ ನೋಡಿದಳು, ಏನೋ ಹೇಳಲು ಹೋದಳು. ಮಾತಿಗೆ ಉಸಿರು ಸಾಲಲಿಲ್ಲ. ಆಮೇಲೆ ಆ ಗುಬ್ಬಿ ದಣಿಯಿತು.

ಅವ್ವ ಬೀಸುತ್ತಲೇ ಇದ್ದಳು. "ಅವ್ವಾ" ಅಂದೆ. ಬೀಸುತ್ತಲೇ ಇದ್ದಳು. ಆಯಿಯ ಬಿಳಿ ಕೂದಲು ಆ ಗಾಳಿಗೆ ಹಾರಿ ಹಾರಿ ಕೂಡುತ್ತಿತ್ತು. ಅಪ್ಪ ಬಂದು ಮೊರ ಕಿತ್ತುಕೊಂಡ.

ಹಾಜಿಮಲಂಗ ಹೇಳಿದ ಹೊತ್ತಿಗೇ ಬಂದ. ರಿಕ್ಷಾದಲ್ಲಿ ಹೊಸ ಬ್ಯಾಟರಿ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿ ಅಲ್ಲೇ ನಿಂತುಬಿಟ್ಟ. ಅವನ ಹಿಂದೆ ಕಾಕಾ, ತುಂಬಿದ ಸಿಲಿಂಡರು ಬೆನ್ನಿಗೆ. ಅಣ್ಣನ ಮುಖ ನೋಡಿದ, ಸಿಲಿಂಡರನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಳಿಸಿದ, ಸದ್ದಾದರೆ ಯಾರಾದರೂ ಎದ್ದಾರು ಅನ್ನುವ ಹಾಗೆ.

ಅವತ್ತು ಹೊತ್ತು ಇಳಿಯುವ ಮೊದಲೇ ದಹನ ಮುಗಿಸಿ ಬಂದರು. ಎಲ್ಲರೂ ಸ್ನಾನ ಮಾಡಿ ಬಾಯಿಗೆ ನೀರು ಹಾಕಿಕೊಂಡರು. ಅವ್ವ ಹಾಕಿಕೊಳ್ಳಲಿಲ್ಲ. ನಾನು ಗ್ಲಾಸು ಹಿಡಿದು ಮುಂದೆ ಕೂತೆ.

"ನೀರಡಿಕಿ ಇಲ್ಲ" ಅಂದಳು.

ಮರುದಿನವೂ ಅಷ್ಟೇ. ಚೈತ್ರದ ಬಿಸಿಲು, ನೆರಳಲ್ಲಿ ಕೂತವರೂ ಬೆವರುತ್ತಿದ್ದರು. ಅವ್ವನ ತುಟಿ ಒಡೆದು ಬಿಳಿ ಸಿಪ್ಪೆ ಎದ್ದಿತ್ತು. ಮಾತಾಡಿಸಲು ಬಂದ ಹೆಂಗಸರು ಪಡಸಾಲೆ ತುಂಬ ಕೂತಿದ್ದರು. ಅವ್ವ ನೀರು ಮುಟ್ಟಿಲ್ಲ ಅಂತ ಬಾಯಿಂದ ಬಾಯಿಗೆ ಹೋಯಿತು.

"ಉಪವಾಸ ಹಿಡದಾಳ, ನೋಡ."

"ಅತ್ತಿ ಸಲುವಾಗಿ ನೀರ ಸುದ್ದಾ ಬಿಟ್ಟಾಳಂದ್ರ! ಈಗಿನ ಕಾಲದಾಗ ಎಂಥಾ ಸೊಸಿ."

"ನಮ್ಮಾಕಿ ಇದ್ದಾಳ, ನಾ ಸತ್ರ ಮೊದಲ ಚಹಾಕ್ಕ ಇಡ್ತಾಳ."

ನಾನು ಮತ್ತೆ ಗ್ಲಾಸು ತಂದರೆ ಬಾಜೂ ಮನೆಯ ಶೇವಂತಾ ಅಜ್ಜಿ ನನ್ನ ಕೈ ತಡೆದಳು. "ವ್ರತಾ ಮುರಸ್ತಿ ಏನ ಹುಡಗಿ? ಪಾಪ ಹತ್ತತೈತಿ. ಆಕಿ ಭಾಗ್ಯ ಅದು." ಅಷ್ಟು ಹೇಳಿ ತಾನೇ ಬಗ್ಗಿ ಅವ್ವನ ಪಾದ ಮುಟ್ಟಿದಳು. ಅವ್ವ ಬೆಂಕಿ ತಾಗಿದವರ ಹಾಗೆ ಕಾಲು ಎಳೆದುಕೊಂಡಳು. ಅದನ್ನೂ ವಿನಯ ಅಂತಲೇ ತಿಳಿದರು.

ಇದು ಉಪವಾಸವಲ್ಲ, ಇದು ಶಿಕ್ಷೆ, ಅಂತ ಕೂಗಬೇಕೆನಿಸಿತು. ಆದರೆ ಯಾವುದಕ್ಕೆ ಶಿಕ್ಷೆ ಅಂತ ಕೇಳಿದರೆ? ಮಹಾರಾಜರಿಗೆ ನೀರು ಕಾಸಿಕೊಡುವ ತ್ರಿಶಲಾಳ ನೀರೇ ಅತ್ತೆಯ ಉಸಿರು ನಿಲ್ಲಿಸಿತು ಅಂತ ಈ ಪಡಸಾಲೆಯಲ್ಲಿ ಹೇಳಲೇ? ಇನ್ನು ಅವ್ವನಿಗೊಬ್ಬಳಿಗೇ ಹೇಳೋಣವೆಂದರೆ, ಆಯಿ ಕುಡಿಸು ಅಂದಳು ಅನ್ನಬೇಕು. ಯಾಕೆ ಅಂದಳು ಅಂತ ಅವ್ವ ಕೇಳುತ್ತಾಳೆ. ಆಯಿಗೆ ಎಲ್ಲ ಗೊತ್ತಿತ್ತು ಅಂತ ಹೇಳಬೇಕಾಗುತ್ತದೆ. ಅತ್ತೆ ತಿಳಿಯದೆ ಹೋದಳು ಅನ್ನುವುದೊಂದೇ ಅವ್ವನಿಗೆ ಉಳಿದಿದ್ದ ಆಸರೆ. ಅದನ್ನು ಹೇಗೆ ಕಿತ್ತುಕೊಳ್ಳಲಿ? ನಾನು ಗ್ಲಾಸು ಹಿಡಿದುಕೊಂಡು ಅಡಿಗೆಮನೆಗೂ ಪಡಸಾಲೆಗೂ ನಡುವೆ ನಿಂತೇ ಇದ್ದೆ.

ಮಧ್ಯಾಹ್ನ ಹಾಜಿಮಲಂಗ ಬಂದು ಹೊಸ ಬ್ಯಾಟರಿ ಜೋಡಿಸಿದ. ಮಂದಿ ಬರುವ ಮನೆ, ಕರೆಂಟಿಲ್ಲ, ಫ್ಯಾನಾದರೂ ಇರಲಿ ಅಂತ ಅಪ್ಪನೇ ಹೇಳಿ ಕಳಿಸಿದ್ದ. ಹಸಿರು ದೀಪ ಹತ್ತಿತು. ಖಾಲಿ ಮಂಚದ ಮೇಲೆ ಫ್ಯಾನು ತಿರುಗಿತು. ಹೆಂಗಸರು ಸೆರಗು ಸಡಿಲಿಸಿ ಹಾ ಅಂದರು.

"ಈ ಮಶೀನನೂ ವಾಪಸ್ ಕೊಡಬೇಕು" ಅಂದ ಅಪ್ಪ, ಯಾರಿಗೂ ಅಲ್ಲದಂತೆ. "ನಡೀತೈತೋ ಇಲ್ಲೋ ನೋಡಿ ಕಳಸೂಣು." ಸ್ವಿಚ್ಚು ಒತ್ತಿದ.

ಗುಂಯ್. ಠಪ್. ಹಾಸಿಗೆ ತೆಗೆದ ಹಗ್ಗದ ಮಂಚದ ಮೇಲೆ ಬಿದ್ದಿದ್ದ ನಳಿಗೆ ಸುಸ್ ಅನ್ನತೊಡಗಿತು.

ಅವ್ವ ಗೋಡೆ ಹಿಡಿದು ಎದ್ದಳು. ಯಾರ ಕಡೆಯೂ ನೋಡದೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಆಮೇಲೆ ಯಾರು ಕರೆದರೂ ಒಳಗೆ ಬರಲಿಲ್ಲ. ಹೊತ್ತು ಕಬ್ಬಿನ ಗರಿಯ ಮಟ್ಟಕ್ಕೆ ಇಳಿಯುತ್ತ ಬಂತು. ಮುಳುಗಿತೆಂದರೆ ಇನ್ನೊಂದು ರಾತ್ರಿ.

ಮನೆಯ ಕೊಡದಲ್ಲಿ ನೀರು ತೀರಿತ್ತು. ಅವ್ವ ಎದ್ದಿರಲಿಲ್ಲವಾದ್ದರಿಂದ ಯಾರೂ ಸೋಸಿರಲಿಲ್ಲ. ನಾನೇ ಬಾವಿಗೆ ಹೋದೆ. ಸೇದಿದೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸುರಿದೆ. ಅರ್ಧ ಒಳಗೆ, ಅರ್ಧ ನನ್ನ ಕಾಲ ಮೇಲೆ. ಕಾಸಿ ಆರಿಸಲು ಹೊತ್ತಿರಲಿಲ್ಲ. ಬಟ್ಟೆ ಬಿಚ್ಚಿ ಬಾವಿಕಟ್ಟೆಯ ಕಾದ ಕಲ್ಲಿನ ಮೇಲೆ ಹಾಕಿ, ಗ್ಲಾಸು ತುಂಬಿಕೊಂಡು ಅವ್ವನ ಹತ್ತಿರ ಹೋದೆ.

ಅವ್ವ ಗ್ಲಾಸಿನ ಕಡೆ ನೋಡಲಿಲ್ಲ. ನನ್ನ ಹಿಂದೆ ನೋಡುತ್ತಿದ್ದಳು.

"ಬಟ್ಟಿ?" ದನಿ ಒಣ ಎಲೆಯಂತಿತ್ತು.

"ಅಲ್ಲಿಟ್ಟೇನಿ."

"ತಿರುವಿ ಬಿಟ್ಟಿಲ್ಲ?"

ಬಿಟ್ಟಿರಲಿಲ್ಲ. ನೀರು ಸೋಸಿದ ಮೇಲೆ ಬಟ್ಟೆಯನ್ನು ಮಗ್ಗುಲು ತಿರುವಿ, ಸೋಸಿದ ನೀರನ್ನೇ ಅದರ ಮೇಲೆ ಸುರಿದು, ಆ ನೀರನ್ನು ಕೊಡಪಾನದಲ್ಲಿ ಬಾವಿಯ ತಳದವರೆಗೆ ಇಳಿಸಿ ಬಿಡಬೇಕು. ಬಟ್ಟೆಗೆ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ತಿರುಗಿ ಹೋಗಬೇಕು.

"ಒಣಗಾಕತ್ತಾವಲ್ಲ" ಅಂದಳು ಅವ್ವ. "ಬಿಸಿಲಾಗ ಒಣಗಾಕತ್ತಾವು." ಎದ್ದಳು. ಎರಡು ಹೆಜ್ಜೆಗೆ ಕಣ್ಣು ಕತ್ತಲೆ ಬಂದು ಬಾವಿಯ ರಾಟೆಯ ಕಂಬ ಹಿಡಿದಳು. ನಾನು ಹಿಡಿಯಹೋದರೆ ಬಿಡು ಅಂದಳು. ಬಟ್ಟೆ ಮುಟ್ಟಿ ನೋಡಿದಳು. ಅಂಚು ಒಣಗಿತ್ತು, ನಡುವೆ ಇನ್ನೂ ಹಸಿ ಇತ್ತು. ಸುರಿದಳು, ಹಗ್ಗ ಇಳಿಬಿಟ್ಟಳು, ಕೆಳಗೆ ನೀರು ಮುಟ್ಟಿದ ಸದ್ದು ಕೇಳಿದ ಮೇಲೆ ಕೊಡಪಾನ ಮಗುಚಿದಳು. ಆಮೇಲೆ ಕಟ್ಟೆಗೆ ಬೆನ್ನು ಹಚ್ಚಿ ಕುಸಿದು ಕೂತಳು.

"ಅರ್ಧ ಸತ್ತಿರತಾವು" ಅಂದಳು. "ನನ್ನ ಕೈಗಿ ಈಗ ಅದ ಹಣಿಬಾರ."

ಇನ್ನು ತಡೆಯಲಾಗಲಿಲ್ಲ ನನಗೆ. "ಅವ್ವಾ, ನಿನಗ ನೀರ ಕುಡಸಂತ ಆಯಿ ನನಗ ಹೇಳಿ ಹೋಗ್ಯಾಳ."

"ಯಾವಾಗ?"

"ಹಾಜಿಮಲಂಗ ಬ್ಯಾಟರಿ ನೋಡಿ ಹೋದ ದಿನಾ. ಸಂಜಿಕ."

ಅವ್ವ ಹಸಿ ಬಟ್ಟೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. "ಅಂದ್ರ ಆಕಿಗಿ ಗೊತ್ತಿತ್ತು."

"ಹೂಂ."

"ನನ್ನ ನೀರಿಂದಂತ ಗೊತ್ತಿತ್ತು."

"ಹೂಂ, ಅವ್ವಾ."

ಅವಳ ಮುಖದಲ್ಲಿ ಏನೋ ಒಂದು, ಎರಡು ದಿನದಿಂದ ಹೇಗೋ ನಿಂತಿದ್ದದ್ದು, ಬಿತ್ತು. ಅಳಲಿಲ್ಲ, ಅಳಲು ಒಳಗೆ ನೀರಿರಲಿಲ್ಲ.

"ಬೈದ್ಳೇನ?"

"ಇಲ್ಲ. ಭಾಳ ಸೋಸಾಕಿ, ತನ್ನನ್ನ ಸೋಸ್ಕೋತಾಳ ಅಂದ್ಲು. ನೀರ ಬಿಡಾಕ ಕೊಡಬ್ಯಾಡ ಅಂದ್ಲು. ನನ್ನ ಕಡೆ ಹೂಂ ಅನಿಸ್ಕೊಂಡ್ಲು."

ಒಳಗೆ ಮಶೀನನ್ನು ಯಾರೋ ಬಂದ್ ಮಾಡಿದರು. ಹೊತ್ತು ಕಬ್ಬಿನೊಳಗೆ ಅರ್ಧ ಇಳಿದಿತ್ತು.

"ಬೈದಿದ್ರ ಚಲೋ ಇತ್ತು" ಅಂದಳು ಅವ್ವ. "ಬೈದಿದ್ರ ನಾ ಕುಡೀತಿದ್ದಿಲ್ಲ." ಕೈ ಚಾಚಿದಳು. ಗ್ಲಾಸು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದಳು, ಆದರೂ ಸ್ವಲ್ಪ ಚೆಲ್ಲಿತು. "ಅತ್ತಿ ಮಾತ ನಾ ಎಂದೂ ಮೀರಿಲ್ಲ."

ಕಣ್ಣು ಮುಚ್ಚಿ, ಔಷಧ ಕುಡಿಯುವವರ ಹಾಗೆ, ಆ ಸವಳು ನೀರನ್ನು ಒಂದೊಂದೇ ಗುಟುಕು ಕುಡಿದಳು. ಕಡೆಯ ಗುಟುಕಿನವರೆಗೆ ನಾನು ಅವಳ ಗಂಟಲನ್ನೇ ನೋಡುತ್ತ ನಿಂತಿದ್ದೆ.